ಇಟಲಿಯ ಒಂದು ಪ್ರಾಂತ್ಯವನ್ನು ಅರಿಯುವ ಬಗೆ: ಮಾಂಟೊವಾ

ಇಟಲಿಯ ಯಾವುದೇ ಪ್ರಾಂತ್ಯದ ಪರಿಚಯ ಬರೆಯಲು ಕೂತವರು ಸಾಮಾನ್ಯವಾಗಿ ಜನಸಂಖ್ಯೆಯಿಂದ ಶುರು ಮಾಡುತ್ತಾರೆ. ಆಗ ಅಂಕಿಗಳು ಒಂದು ಕಡೆ, ಊರುಗಳು ಇನ್ನೊಂದು ಕಡೆ ಉಳಿದುಬಿಡುತ್ತವೆ. ಮೊದಲು ನೀರು ಎತ್ತ ಹರಿಯುತ್ತದೆಂದು ನೋಡಿ, ಉಳಿದದ್ದನ್ನು ಆಮೇಲೆ ಕೂಡಿಸಿ. ಉತ್ತರ ಇಟಲಿಯ ಲೊಂಬಾರ್ಡಿ ಪ್ರದೇಶದ ಆಗ್ನೇಯ ಮೂಲೆಯಲ್ಲಿರುವ ಮಾಂಟೊವಾ ಪ್ರಾಂತ್ಯ ಈ ಕ್ರಮ ಕಲಿಯಲು ಒಳ್ಳೆಯ ಪಾಠ.

ಒಂದು ಹಾಳೆಯ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಪೊ ನದಿಯ ಗೆರೆ ಎಳೆಯಿರಿ. ಉತ್ತರದಿಂದ ಒಲ್ಯೊ ಮತ್ತು ಮಿಂಚೊ, ದಕ್ಷಿಣದಿಂದ ಸೆಕ್ಕಿಯಾ ಬಂದು ಅದನ್ನು ಸೇರುತ್ತವೆ. ಮಿಂಚೊ ಹೊರಡುವುದು ಗಾರ್ಡಾ ಸರೋವರದಿಂದ. ಸುಮಾರು 75 ಕಿ.ಮೀ. ಹರಿದು ಗೊವೆರ್ನೊಲೊ ಬಳಿ ಪೊ ಸೇರುತ್ತದೆ. ಈಗ ಪ್ರಾಂತ್ಯ ಮೂರು ಪಟ್ಟಿಗಳಾಗಿ ಕಾಣುತ್ತದೆ. ಉತ್ತರದ ತುದಿಯಲ್ಲಿ ಹಿಮನದಿ ಬಿಟ್ಟುಹೋದ ಕಲ್ಲುಮಣ್ಣಿನ ಗುಡ್ಡಗಳು. 1859ರ ಜೂನ್ 24ರಂದು ಯುದ್ಧ ನಡೆದ ಸೊಲ್ಫೆರಿನೊ ಇರುವುದು ಅಲ್ಲೇ. ಆ ರಣರಂಗದ ಗಾಯಾಳುಗಳನ್ನು ಕಂಡ ಆನ್ರಿ ದ್ಯುನಾನ್ ಮುಂದೆ ರೆಡ್ ಕ್ರಾಸ್‌ಗೆ ಕಾರಣನಾದ. ನಡುವೆ ನೀರಾವರಿಯ ಬಯಲು. ಪೊ ಆಚೆಗಿನ ಮೂರನೆಯ ಪಟ್ಟಿಗೆ ಓಲ್ತ್ರೆಪೊ ಮಾಂಟೊವಾನೊ ಎಂದು ಹೆಸರು. ಪಾವಿಯಾ ಪ್ರಾಂತ್ಯದಲ್ಲೂ ಒಂದು ಓಲ್ತ್ರೆಪೊ ಇದೆ, ಅದು ದ್ರಾಕ್ಷಿತೋಟಗಳ ಗುಡ್ಡಸೀಮೆ. ಬರೀ ‘ಓಲ್ತ್ರೆಪೊ’ ಎಂದು ಬರೆದರೆ ಓದುಗರು ಅಲ್ಲಿಗೆ ಹೋಗಿಬಿಡುತ್ತಾರೆ, ಪೂರ್ತಿ ಹೆಸರು ಬರೆಯಿರಿ.

ಮಾಂಟೊವಾ ನಗರವನ್ನು ಸುತ್ತಿರುವ ಮೂರು ಕೆರೆಗಳು ತಾವಾಗಿ ಆದವಲ್ಲ. 12ನೆಯ ಶತಮಾನದ ಕೊನೆಯಲ್ಲಿ ಆಲ್ಬೆರ್ತೊ ಪಿತೆಂತಿನೊ ಎಂಬ ಎಂಜಿನಿಯರ್ ಮಿಂಚೊಗೆ ಒಡ್ಡು ಕಟ್ಟಿ ಮಾಡಿದವು. ನಾಲ್ಕನೆಯದೂ ಇತ್ತು, ಆಮೇಲೆ ಬತ್ತಿಸಿದರು. ಹಳೆಯ ನಕ್ಷೆಯಲ್ಲಿ ನಗರ ಪೂರ್ತಿ ದ್ವೀಪವಾಗಿ ಕಂಡರೆ ನಕ್ಷೆ ತಪ್ಪೆಂದು ತಳ್ಳಿಹಾಕಬೇಡಿ.

ಎಡದಂಡೆ, ಬಲದಂಡೆ ನಮಗೆ ಕಾಲುವೆಗಳಿಂದ ಗೊತ್ತಿರುವ ಮಾತು. ನದಿ ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತರೆ ಬಲಗೈ ಕಡೆಯದು ಬಲದಂಡೆ, ಅಂದರೆ ಇಲ್ಲಿ ದಕ್ಷಿಣ. ಇದನ್ನು ಚೆನ್ನಾಗಿ ನೆನಪಿಡಿ, ಏಕೆಂದರೆ ಇಡೀ ಹೈನುಗಾರಿಕೆ ಈ ಗೆರೆಯ ಮೇಲೆ ಒಡೆಯುತ್ತದೆ. ಬಲದಂಡೆಯ ಹಾಲು ಪಾರ್ಮಿಜಾನೊ ರೆಜಾನೊ ಎಂಬ ಚೀಸ್ ಆಗಬಹುದು. ಎಡದಂಡೆಯ ಹಾಲಿಗೆ ಆ ಹೆಸರಿಲ್ಲ, ಅದು ಗ್ರಾನಾ ಪದಾನೊ ಎಂಬ ಇನ್ನೊಂದು ಚೀಸ್‌ನ ಸೀಮೆ. ಒಸ್ತಿಲ್ಯಾ ಮತ್ತು ರೆವೆರೆ ಪೊ ನದಿಯ ಎರಡು ಕಡೆ ಎದುರುಬದುರು ನಿಂತ ಊರುಗಳು, ಆದರೂ ಚೀಸ್‌ನ ಕಾನೂನು ಎರಡಕ್ಕೂ ಬೇರೆ. ಪಾರ್ಮಿಜಾನೊ ಹಸುಗಳಿಗೆ ಸೈಲೇಜ್, ಅಂದರೆ ರಸಮೇವು, ಹಾಕುವಂತಿಲ್ಲ. ಹುದುಗಿದ ಮೇವಿನಿಂದ ಹಾಲಿಗೆ ಸೇರುವ ಬ್ಯಾಕ್ಟೀರಿಯಾ ಬೀಜಕಣಗಳು ತಿಂಗಳುಗಟ್ಟಲೆ ಮಾಗುವ ಚೀಸನ್ನು ಒಳಗಿನಿಂದ ಉಬ್ಬಿಸಿ ಬಿರುಕು ಬಿಡಿಸುತ್ತವೆ. ಗ್ರಾನಾದಲ್ಲಿ ರಸಮೇವಿಗೆ ಅನುಮತಿ ಇದೆ, ಬದಲಿಗೆ ಲೈಸೋಜೈಮ್ ಎಂಬ ಕಿಣ್ವ ಸೇರಿಸಿ ಆ ಕೆಡುಕನ್ನು ತಡೆಯುತ್ತಾರೆ. ಮಾಗುವ ಅವಧಿ ಗ್ರಾನಾಗೆ ಕನಿಷ್ಠ 9 ತಿಂಗಳು, ಪಾರ್ಮಿಜಾನೊಗೆ 12. ಹೀಗಾಗಿ ಹೊಲದಲ್ಲೂ ವ್ಯತ್ಯಾಸ ಕಾಣುತ್ತದೆ: ಬಲದಂಡೆಯಲ್ಲಿ ಒಣಹುಲ್ಲಿಗೆ ಕುದುರೆಮೆಂತೆ, ಎಡದಂಡೆಯಲ್ಲಿ ರಸಮೇವಿಗೆ ಮೆಕ್ಕೆಜೋಳ ಮುಖ್ಯ. ‘ಮಾಂಟೊವಾದಲ್ಲಿ ಪಾರ್ಮಿಜಾನೊ ತಯಾರಾಗುತ್ತದೆ’ ಎಂಬ ವಾಕ್ಯ ಅರ್ಧ ಸತ್ಯ; ದಂಡೆಯನ್ನೂ ಹೇಳಿ.

ಆಡಳಿತದ ಭಾಗದಲ್ಲಿ ಕನ್ನಡದಲ್ಲಿ ಬರೆಯುವವರು ಎಡವುವುದು ಹೆಸರುಗಳಲ್ಲಿ. ಇಟಲಿಯ ದೊಡ್ಡ ಆಡಳಿತ ಘಟಕ ರೆಜೊನೆ, ಅದರೊಳಗಿನದು ಪ್ರೊವಿಂಚಾ; ಎರಡಕ್ಕೂ ‘ಪ್ರಾಂತ್ಯ’ ಎಂದರೆ ಲೊಂಬಾರ್ಡಿ ಯಾವುದು, ಮಾಂಟೊವಾ ಯಾವುದು ತಿಳಿಯುವುದಿಲ್ಲ. ರೆಜೊನೆಗೆ ‘ಪ್ರದೇಶ’, ಪ್ರೊವಿಂಚಾಗೆ ‘ಪ್ರಾಂತ್ಯ’ ಇಟ್ಟುಕೊಳ್ಳಿ; ಎಲ್ಲಕ್ಕಿಂತ ಕೆಳಗಿನ ಸ್ಥಳೀಯ ಘಟಕವಾದ ಕೊಮೂನೆಯ ಹೆಸರನ್ನು ಹಾಗೆಯೇ ಬಿಡಿ, ಅದು ನಗರವೂ ಆಗಬಹುದು, ನಾಲ್ಕಾರು ಹಳ್ಳಿಗಳ ಗುಂಪೂ ಆಗಬಹುದು. ಪ್ರಾಂತ್ಯದ ಅಧ್ಯಕ್ಷ ಬೇರೆ, ಪ್ರಿಫೆಕ್ಟ್ ಬೇರೆ. ಪ್ರಿಫೆಕ್ಟರನ್ನು ರೋಮ್‌ನ ಸರ್ಕಾರ ನೇಮಿಸುತ್ತದೆ. ನಮ್ಮ ಜಿಲ್ಲಾ ಪಂಚಾಯಿತಿ ಅಧ್ಯಕ್ಷರು ಮತ್ತು ಜಿಲ್ಲಾಧಿಕಾರಿಯ ನಡುವಿನ ಅಂತರ ನೆನೆದರೆ ಹತ್ತಿರದ ಹೋಲಿಕೆ ಸಿಗುತ್ತದೆ.

2014ರ 56ನೆಯ ಕಾನೂನು ಬಂದ ಮೇಲೆ ಅಧ್ಯಕ್ಷರನ್ನು ಜನ ನೇರವಾಗಿ ಆರಿಸುವುದಿಲ್ಲ. ಕೊಮೂನೆಗಳ ಮೇಯರ್‌ಗಳು, ಸದಸ್ಯರು ಮತ ಹಾಕುತ್ತಾರೆ. ದೊಡ್ಡ ಕೊಮೂನೆಯ ಮತಕ್ಕೆ ಹೆಚ್ಚು ತೂಕ. ಆ ಕಾನೂನು 3 ಲಕ್ಷದಿಂದ 7 ಲಕ್ಷ ಜನರಿರುವ ಪ್ರಾಂತ್ಯಕ್ಕೆ 12 ಸದಸ್ಯರ ಮಂಡಳಿ ಎಂದು ಗೊತ್ತುಮಾಡಿತು. ಮಾಂಟೊವಾ ಆ ವರ್ಗದ್ದು. ಪ್ರಾಂತ್ಯಗಳನ್ನು ಸಂವಿಧಾನದಿಂದಲೇ ತೆಗೆಯುವ ತಿದ್ದುಪಡಿ 2016ರ ಡಿಸೆಂಬರ್ 4ರ ಜನಮತದಲ್ಲಿ ಬಿದ್ದುಹೋಯಿತು, ಹಾಗಾಗಿ ‘ಇಟಲಿಯಲ್ಲಿ ಪ್ರಾಂತ್ಯಗಳು ರದ್ದಾದವು’ ಎಂದು ಬರೆಯಬೇಡಿ. ಪ್ರಾಂತ್ಯದ ಕೈಲಿ ಉಳಿದ ಮುಖ್ಯ ಕೆಲಸ ರಸ್ತೆಗಳು, ಪ್ರೌಢಶಾಲಾ ಕಟ್ಟಡಗಳು, ಪರಿಸರ, ಭೂಬಳಕೆಯ ಯೋಜನೆ. ಆಸ್ಪತ್ರೆಗಳು ಪ್ರದೇಶದ ಹೊಣೆ.

ಈಗ ಅಂಕಿಗಳು. ವಿಸ್ತೀರ್ಣ ಸುಮಾರು 2,341 ಚ.ಕಿ.ಮೀ., ನಿವಾಸಿಗಳು 4 ಲಕ್ಷಕ್ಕಿಂತ ತುಸು ಹೆಚ್ಚು. ಭಾಗಿಸಿದರೆ ಚದರ ಕಿ.ಮೀ.ಗೆ ಹತ್ತಿರಹತ್ತಿರ 175. ಉತ್ತರ 1,000 ದಾಟಿ ಹೋದರೆ ನೀವು ತೆಗೆದುಕೊಂಡದ್ದು ಪ್ರಾಂತ್ಯದ ಜನಸಂಖ್ಯೆ, ನಗರದ ವಿಸ್ತೀರ್ಣ. ನಗರದಲ್ಲಿರುವುದು 50 ಸಾವಿರದಷ್ಟು ಜನ ಮಾತ್ರ. ಉಳಿದವರು ಕಾಸ್ತಿಲ್ಯೊನೆ ದೆಲ್ಲೆ ಸ್ತಿವಿಯೆರೆ, ಸುಜ್ಜಾರಾ, ವಿಯಾದಾನಾದಂಥ ಪಟ್ಟಣಗಳಲ್ಲೂ ಬಯಲಿನ ಹಳ್ಳಿಗಳಲ್ಲೂ ಚದುರಿದ್ದಾರೆ. ಹಳೆಯ ಪುಸ್ತಕಗಳಲ್ಲಿ 70 ಕೊಮೂನೆಗಳಿದ್ದರೆ ಈಗಿನ ಪಟ್ಟಿಯಲ್ಲಿ 64. 2014ರಿಂದ 2019ರವರೆಗೆ ಬೊರ್ಗೊ ವಿರ್ಜಿಲಿಯೊ, ಬೊರ್ಗೊ ಮಾಂಟೊವಾನೊ ಮುಂತಾದ ವಿಲೀನಗಳಾದವು. ಅಂಕಿಅಂಶ ಸಂಸ್ಥೆ ಇಸ್ತಾತ್‌ನಲ್ಲಿ ಮಾಂಟೊವಾ ಪ್ರಾಂತ್ಯದ ಕೊಮೂನೆಗಳ ಸಂಕೇತ 020ರಿಂದ ಶುರುವಾಗುತ್ತದೆ. ವಿಲೀನದಿಂದಾದ ಕೆಲವು ಕೊಮೂನೆಗಳಿಗೆ ಹೊಸ ಸಂಕೇತ ಬಂದಿರುವುದರಿಂದ ಎರಡು ವರ್ಷಗಳ ಪಟ್ಟಿ ಜೋಡಿಸಿದಾಗ ಸಾಲುಗಳು ತಪ್ಪಿಹೋಗುತ್ತವೆ. ಮೊದಲು ಹಳೆಯ ಊರುಗಳನ್ನು ಕೂಡಿ, ಆಮೇಲೆ ಹೋಲಿಸಿ.

ವಿದೇಶಿ ನಿವಾಸಿಗಳಲ್ಲಿ ಭಾರತೀಯರದು ದೊಡ್ಡ ಸಮುದಾಯಗಳಲ್ಲಿ ಒಂದು, ಹೆಚ್ಚಿನವರು ಪಂಜಾಬಿಗಳು, ಅನೇಕರ ದುಡಿಮೆ ದನದ ಕೊಟ್ಟಿಗೆಗಳಲ್ಲಿ. ವಿದೇಶಿ ನಿವಾಸಿಗಳ ಪಟ್ಟಿ ಎಣಿಸುವುದು ಪೌರತ್ವವನ್ನು. ಇಟಲಿಯ ಪೌರತ್ವ ಪಡೆದವರು ಇದರಿಂದ ಹೊರಗೆ. ಅಲ್ಲೇ ಹುಟ್ಟಿದರೂ ಪೌರತ್ವ ಸಿಗದ ಮಕ್ಕಳು ಒಳಗೆ. ಅಂಕಿ ಇಳಿದರೆ ಜನ ಊರು ಬಿಟ್ಟರೆಂದು ತೀರ್ಮಾನಿಸಬೇಡಿ.

ಕೈಗಾರಿಕೆಯನ್ನು ಊರೂರಿಗೆ ಗುರುತು ಹಾಕಿ. ಕಾಸ್ತೆಲ್ ಗೊಫ್ರೆದೊ ಸುತ್ತ ಸ್ಟಾಕಿಂಗ್ಸ್, ಸುಜ್ಜಾರಾದಲ್ಲಿ ಇವೆಕೊ ಡೈಲಿ ವ್ಯಾನು, ವಿಯಾದಾನಾದಲ್ಲಿ ಮರದ ಹಲಗೆ. ಪೊ ದಂಡೆಯ ಏರಿ ಮತ್ತು ಹೊಳೆಯ ನಡುವೆ ನೆರೆ ನುಗ್ಗುವ ಜಾಗದಲ್ಲಿ ಸಾಲುಸಾಲಾಗಿ ನೆಟ್ಟ ಪಾಪ್ಲರ್ ಮರಗಳು ಚಿತ್ರಗಳಲ್ಲಿ ಕಂಡರೆ, ಅವನ್ನು ಕಾಡೆಂದು ಬರೆಯಬೇಡಿ. ಅದು ಮರದ ಬೇಸಾಯ.