2022ರ ಅಗ್ಗದ ಬೋರ್ಡೋ ಮತ್ತು ನಮ್ಮೂರಿನ ಒಗರು: ನನ್ನ ಅನುಭವ

2025ರ ಮಾರ್ಚ್‌ನಲ್ಲಿ ಫ್ರಾನ್ಸಿನ ತುಲೂಸಿನಲ್ಲಿ, ನಮ್ಮ ಗುರುವಾರದ ವೈನ್ ಕೂಟದಲ್ಲಿ, ನಾನು ಕೊಟ್ಟಿದ್ದ ಲಕೋಟೆ ಒಡೆದರು. ಹನ್ನೊಂದು ಜನ ಕಣ್ಣಿಗೆ ಲೇಬಲ್ ಕಾಣದಂತೆ ಕುಡಿದು ಅಂಕ ಹಾಕಿದ್ದರು. ನಾನು ತಂದಿದ್ದ, ಬೋರ್ಡೋ ಸೀಮೆಯ ಕೆಂಪು ವೈನಿನ ಐದು ಬಾಟಲಿ ತಮ್ಮತಮ್ಮಲ್ಲಿ ಯಾವ ಕ್ರಮದಲ್ಲಿ ನಿಲ್ಲುತ್ತವೆ ಅಂತ ಎರಡು ವಾರ ಮೊದಲೇ ಬರೆದು ಅಂಟು ಹಾಕಿ ಕೊಟ್ಟಿದ್ದೆ. ಮೂರು ನಾನು ಬರೆದ ಜಾಗದಲ್ಲೇ ಇದ್ದವು, ಉಳಿದೆರಡು ಅದಲುಬದಲು. ಹದಿನೈದು ಯೂರೋ ಒಳಗಿನ ಬೋರ್ಡೋ ಕುಡಿಯುವುದು ನಾಲಗೆಗೆ ಮಾಡುವ ಅನ್ಯಾಯ ಎಂದು ಎರಡು ವರ್ಷದಿಂದ ಹೇಳುತ್ತಿದ್ದ ಕೂಟದ ಹಿರಿಯರು ಆ ಹಾಳೆಯನ್ನು ಎರಡು ಸಲ ಓದಿ, ಒಂದು ಪ್ರತಿ ಕೇಳಿ ತೆಗೆದುಕೊಂಡು ಹೋದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತುಲೂಸಿನವರಿಗೆ ಬೋರ್ಡೋ ಮೇಲೆ ಒಂದು ಹಳೆಯ ಮುನಿಸಿದೆ. ಸುತ್ತ ಗಾಯಾಕ್, ಫ್ರೋಂತೋನ್, ಸ್ವಲ್ಪ ದೂರ ಹೋದರೆ ಮಾದಿರಾನ್ ಅಂತ ನಮ್ಮದೇ ವೈನ್ ಸೀಮೆಗಳು ಇರುವಾಗ ಇವನ್ಯಾಕೆ 245 ಕಿಲೋಮೀಟರ್ ಆಚೆಯದನ್ನು ತರುತ್ತಾನೆ ಅಂತ. ಕೆಲಸಕ್ಕೆಂದು ಬಂದು ಇಲ್ಲೇ ನೆಲೆಯಾದ ನನಗೆ ಆ ಜಗಳದಲ್ಲಿ ಪಾಲಿಲ್ಲ. ನನಗೆ ಬೇಕಿದ್ದದ್ದು ಒಂದೇ: ಒಂದೇ ವಿಂಟೇಜ್ (ದ್ರಾಕ್ಷಿ ಕೊಯ್ದ ವರ್ಷ) ಹಿಡಿದು, ನನ್ನ ಸಂಬಳಕ್ಕೆ ಒಗ್ಗುವ ಬೆಲೆಯಲ್ಲಿ, ಐದಾರು ವರ್ಷ ಇಟ್ಟರೂ ಕೆಡದ ಕೆಂಪು ವೈನ್ ಯಾವುದು ಅಂತ ಊಹೆ ಬಿಟ್ಟು ಗೊತ್ತುಮಾಡಿಕೊಳ್ಳುವುದು.

ಮೊದಲ ಸೋಲು 2023ರ ಸೆಪ್ಟೆಂಬರ್‌ನದು. ಸೂಪರ್ ಮಾರ್ಕೆಟ್‌ಗಳ ವೈನ್ ಮೇಳದಲ್ಲಿ ಚಿನ್ನದ ಪದಕದ ಸ್ಟಿಕರ್ ನೋಡಿ ಹನ್ನೆರಡು ಬಾಟಲಿ ತಂದೆ. ಹನ್ನೆರಡನ್ನೂ ಒಂದೇ ಸಂಜೆ ತೆರೆದೆ. ಆರನೆಯದಕ್ಕೆ ಬರುವಾಗ ನಾಲಗೆ ಮರಗಟ್ಟಿತ್ತು. ಆ ಸ್ಥಿತಿಯಲ್ಲಿ ಮೆತ್ತಗೆ, ಸಿಹಿಯಾಗಿ, ವೆನಿಲ್ಲಾ ವಾಸನೆಯಲ್ಲಿ ಬಂದದ್ದಕ್ಕೆಲ್ಲ ಹೆಚ್ಚು ಅಂಕ ಬಿತ್ತು. ಗೆದ್ದದ್ದನ್ನು ಇನ್ನೂ ಆರು ಬಾಟಲಿ ಕೊಂಡೆ. ಒಂದು ತಿಂಗಳ ನಂತರ ಊಟದ ಜೊತೆ ತೆರೆದರೆ ಮರದ ಪುಡಿ ಕಲಸಿದ ಜಾಮ್. ನೂರೈವತ್ತು ಯೂರೋ ಹತ್ತಿರ ಹೋಯಿತು.

ಎರಡನೆಯ ಸಲ, 2024ರ ವಸಂತದಲ್ಲಿ, ನಾಲ್ಕು ನಾಲ್ಕೇ ತೆರೆದೆ. ಆದರೆ 2021 ಮತ್ತು 2022 ಎರಡನ್ನೂ ಬೆರೆಸಿದೆ. 2021 ಹಿಮ, ಮಳೆ, ಬೂಜು ರೋಗ ಮೂರನ್ನೂ ಕಂಡ ವರ್ಷ, ತೆಳ್ಳಗಿನ ವೈನ್. 2022ರಲ್ಲಿ ಜೂನ್, ಜುಲೈ, ಆಗಸ್ಟ್ ಮೂರೂ ತಿಂಗಳು ಬಿಸಿಗಾಳಿ ಬೀಸಿ, ಹಣ್ಣು ಚಿಕ್ಕದಾಗಿ, ಸಿಪ್ಪೆ ದಪ್ಪವಾಗಿ ಬಂದಿತ್ತು. ಅಕ್ಕಪಕ್ಕ ಇಟ್ಟರೆ ಪ್ರತಿ ಸಲವೂ 2022 ಗೆಲ್ಲುತ್ತದೆ. ವರ್ಷದ ಬಗ್ಗೆ ಪೇಪರಿನಲ್ಲಿ ಓದಿದ್ದನ್ನೇ ನಾಲಗೆಯಲ್ಲಿ ಓದಿದಂತಾಯಿತೇ ಹೊರತು ಯಾವ ಊರಿನ ಮಣ್ಣು ಏನು ಕೊಟ್ಟಿತು ಅನ್ನುವುದು ತಿಳಿಯಲೇ ಇಲ್ಲ. ಅಲ್ಲಿಗೆ 2022 ಒಂದನ್ನೇ ಹಿಡಿಯುವುದು ಅಂತ ತೀರ್ಮಾನ ಮಾಡಿದೆ.

ಆ ಬೇಸಿಗೆಯಲ್ಲಿ ಇನ್ನೊಂದು ಪೆಟ್ಟು. ಮನೆಯೊಳಗೆ 27 ಡಿಗ್ರಿ. ಹದಿನಾಲ್ಕೂವರೆ ಆಲ್ಕೋಹಾಲ್ ಇರುವ ವೈನು ಆ ಬಿಸಿಗೆ ಸ್ಪಿರಿಟ್ ಥರ ಮೂಗಿಗೆ ಹೊಡೆಯುತ್ತದೆ. ಎಂಟು ಬಾಟಲಿಯ ಟಿಪ್ಪಣಿ ಹರಿದು ಹಾಕಿದೆ. ಈಗ ಫ್ರಿಜ್ಜಿನಲ್ಲಿ ಇಟ್ಟು, ಥರ್ಮಾಮೀಟರ್ ಅದ್ದಿ, 16 ಬಂದ ಮೇಲೇ ಸುರಿಯುವುದು.

ದಾರಿ ತೆರೆದದ್ದು ಅಪ್ಪಯ್ಯನ ಜೊತೆ ಆಡಿದ ಫೋನ್ ಮಾತಿನಲ್ಲಿ. ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಅವರು ವೈನ್ ಮುಟ್ಟಿದವರಲ್ಲ. ಎಲ್ಲದಕ್ಕೂ "ಟ್ಯಾನಿನ್ (ವೈನಿಗೆ ಒಗರು ಕೊಡುವ ಅಂಶ) ಜಾಸ್ತಿ" ಅಂತಲೇ ಬರೆದು ಬರೆದು ಸಾಕಾಗಿದೆ, ಬಾಯೆಲ್ಲ ಒಗರು ಅಂದೆ. ಅವರು ಅಂದರು: "ಒಗರು ಅಂದ್ರೆ ಎಲ್ಲ ಒಂದೇ ಅಂತ ತಿಳ್ಕಂಡಿದೀಯಾ? ಎಳೆ ಅಡಿಕೆದು ನಾಲಿಗೆ ತುದೀಲೇ ಕಚ್ಚುತ್ತೆ. ಚೊಗರಿಂದು ಗಂಟ್ಲಲ್ಲಿ ಹೋಗಿ ಕೂತ್ಕಂತದೆ, ನೀರು ಕುಡಿದ್ರೂ ಹೋಗಲ್ಲ. ಹಣ್ಣು ನೇರಳೇದು ಹಿಡಿದಂಗೆ ಮಾಡಿ ಬಿಡ್ತದೆ, ಆಮೇಲೆ ಬಾಯಲ್ಲಿ ನೀರೂರ್ತದೆ."

ಚೊಗರು ಅಂದರೆ ಅಡಿಕೆ ಬೇಯಿಸಿದಾಗ ಉಳಿಯುವ ಗಾಢ ಕಷಾಯ. ಫೋನ್ ಇಟ್ಟು ಅವರ ಮಾತನ್ನು ಹಾಗೇ ಪುಸ್ತಕದಲ್ಲಿ ಬರೆದುಕೊಂಡೆ. ಇಲ್ಲಿನವರು ಕಪ್ಪು ಕರ್ರಂಟ್, ಒದ್ದೆ ಕಾಡು, ಸೀಡರ್ ಮರ ಅನ್ನುತ್ತಾರೆ. ಅವು ನಾನು ದೊಡ್ಡವನಾದ ಮೇಲೆ ಕಲಿತ ವಾಸನೆಗಳು, ನನ್ನ ತೀರ್ಪು ಅವುಗಳ ಮೇಲೆ ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ. ಒಗರು ಹಾಗಲ್ಲ. ಅಡಿಕೆ ಬೇಯಿಸುವ ಹಂಡೆಯ ಪಕ್ಕ ಬೆಳೆದವನಿಗೆ ಅದರ ಅಳತೆ ಕೈಯಲ್ಲೇ ಇದೆ. ಅಂದಿನಿಂದ ನನ್ನ ಹಾಳೆಯಲ್ಲಿ ಮೂರೇ ಒಗರು. ಎಳೆ ಒಗರು ಅಂದರೆ ಹಣ್ಣು ಬಲಿಯದೇ ಕಿತ್ತದ್ದು, ಇಲ್ಲವೇ ಬೀಜ ಸಿಪ್ಪೆಯನ್ನು ಹೆಚ್ಚು ಹಿಂಡಿದ್ದು. ಚೊಗರು ಅಂದರೆ ಓಕ್ ಮರದ ಚೂರು ಹಾಕಿ ರುಚಿ ಕಟ್ಟಿದ್ದು, ಇಲ್ಲವೇ ಬಿಸಿಲಿಗೆ ಬಳ್ಳಿಯೇ ಸೊರಗಿ ನಿಂತದ್ದು. ನೇರಳೆ ಒಗರು ಅಂದರೆ ಸರಿಯಾಗಿ ಮಾಗಿದ್ದು. ಪರೀಕ್ಷೆಯೂ ಸುಲಭ. ಉಗುಳಿದ ಮೇಲೆ ಎಣಿಸುತ್ತೇನೆ. ಹತ್ತರೊಳಗೆ ಬಾಯಲ್ಲಿ ನೀರೂರಿದರೆ ನೇರಳೆ. ಇಪ್ಪತ್ತೈದು ದಾಟಿದರೂ ಒಣಗಿಯೇ ಇದ್ದರೆ ಚೊಗರು.

ಇದರ ಜೊತೆ ಎರಡು ಕಟ್ಟುಪಾಡು. ಒಂದು, ಸಾಕ್ಷಿ ಬಾಟಲಿ. ಜೆನಿಸಾಕ್ ಊರಿನ ಶಾಟೋ ಪೆನ್ಯಾಂ ಎಂಬ ತೋಟದ 2022ರ ಬೋರ್ಡೋ ಸುಪೀರಿಯರ್ ದರ್ಜೆಯ ವೈನ್, ಬಹುಪಾಲು ಮೆರ್ಲೋ ತಳಿಯ ದ್ರಾಕ್ಷಿ, ಒಂಬತ್ತು ಯೂರೋ ಆಸುಪಾಸು. ಒಂದು ಡಜನ್ ತಂದಿಟ್ಟೆ. ಪ್ರತಿ ಕೂಡಿಕೆಯಲ್ಲೂ ಮೂರು ಹೊಸದು, ಒಂದು ಸಾಕ್ಷಿ. ನಾಲ್ಕಕ್ಕೂ ಕಾಲುಚೀಲ ತೊಡಿಸಿ ಜಾಗ ಬದಲಿಸುವುದು ಹೆಂಡತಿ. ಸಾಕ್ಷಿಗೆ ನಾನು ಸಾಮಾನ್ಯವಾಗಿ 20ಕ್ಕೆ 14 ಕೊಡುತ್ತೇನೆ. ಯಾವ ದಿನ ಅದು 12ಕ್ಕೆ ಇಳಿಯಿತೋ 16ಕ್ಕೆ ಏರಿತೋ ಆ ದಿನದ ಟಿಪ್ಪಣಿಯೆಲ್ಲ ರದ್ದು. ಶೀತ, ನಿದ್ದೆಗೇಡು, ಮಧ್ಯಾಹ್ನದ ಉಪ್ಪಿನಕಾಯಿ, ಏನೋ ಒಂದು ಇರುತ್ತದೆ. ಹನ್ನೆರಡು ಕೂಡಿಕೆಯಲ್ಲಿ ಎರಡು ಹೀಗೆ ಹೋದವು, ಅಂದರೆ ಆರು ಬಾಟಲಿ, ಅರವತ್ತು ಯೂರೋ. ಹೊಟ್ಟೆ ಉರಿಯಿತು. ಆದರೂ ಆ ಆರನ್ನು ಮತ್ತೆ ಕೊಂಡು ಮತ್ತೆ ಕುಡಿದೆ.

ಎರಡು, ಅರ್ಧ ಬಾಟಲಿ. ಕಾರ್ಕ್ ತೆಗೆದ ಕೂಡಲೇ ಗ್ಲಾಸಿಗೆ ಸುರಿಯುವ ಮೊದಲೇ 375 ಮಿಲಿಯ ಸೀಸೆಗೆ ಕತ್ತಿನವರೆಗೆ ತುಂಬಿ ಮುಚ್ಚಿ ಫ್ರಿಜ್ಜಿಗೆ. ಉಳಿದರ್ಧ ಅದೇ ಬಾಟಲಿಯಲ್ಲಿ, ಕಾರ್ಕ್ ಸಡಿಲವಾಗಿ ಇಟ್ಟು, ಹೊರಗೆ. ತೆರೆದ ಒಂದು ಗಂಟೆಗೆ, ಮರುದಿನ, ಮೂರನೇ ದಿನ ಮೂರು ಸಲ ಅಂಕ. ಹೊರಗಿಟ್ಟದ್ದು ಎಲ್ಲಿಗೆ ಹೋಯಿತು ಅನ್ನುವುದಕ್ಕೆ ಫ್ರಿಜ್ಜಿನದು ಹೋಲಿಕೆ. ಮೊದಲ ದಿನ ಕುಣಿದು ಮೂರನೇ ದಿನ ಸುಸ್ತಾಗುವವು ಈ ವರ್ಷವೇ ಕುಡಿದು ಮುಗಿಸುವ ವೈನ್. ಮೊದಲ ದಿನ ಬಾಯಿ ಬಿಡದೆ ಮೂರನೇ ದಿನ ಹಣ್ಣು ಮೇಲೆ ಬಂದರೆ ಅದು ನನ್ನ ಕಪಾಟಿಗೆ. ಅರ್ಧ ಸೀಸೆ ಹುಡುಕುವುದೇ ಕಷ್ಟ. ನನಗೆ ಕೂಟದವರು ಕುಡಿದು ಬಿಟ್ಟ ಸೋಟೆರ್ನ್ (ಸಿಹಿ ಬಿಳಿ ವೈನ್) ಸೀಸೆಗಳು ಸಿಕ್ಕವು. ಸೋಪು ಹಾಕದೆ ಬಿಸಿನೀರಲ್ಲಿ ತೊಳೆದು ಬೋರಲು ಹಾಕಿದರೆ ಸಾಕು.

ಮೂವತ್ತು ಬಗೆ ರುಚಿ ನೋಡಿದೆ. ಸಾಕ್ಷಿಯ ಡಜನ್, ಮರುಖರೀದಿ ಎಲ್ಲ ಸೇರಿ 460-470 ಯೂರೋ ಆಗಿರಬೇಕು, ಡೀಸೆಲ್ ಮತ್ತು ಟೋಲ್ ಬಿಟ್ಟು.

ಆರು ಯೂರೋ ಕೆಳಗಿನ ಏಳರಲ್ಲಿ ಒಂದೂ ನಿಲ್ಲಲಿಲ್ಲ, ಐದು ಚೊಗರು, ಎರಡು ಎಳೆ ಒಗರು. ಎಂಟರಿಂದ ಹನ್ನೆರಡು ಯೂರೋ ನಡುವೆ ಚಿನ್ನ ಇದೆ. ಹನ್ನೆರಡರಿಂದ ಹದಿನೈದಕ್ಕೆ ಏರಿದರೆ ಹೆಚ್ಚಾಗಿ ಸಿಗುವುದು ಹೊಸ ಪೀಪಾಯಿಯ ವಾಸನೆ. ಇದಕ್ಕೆ ಹೊರತಾದವು ಎರಡು: ಫ್ರಾಂ ಸೀಮೆಯ ಶಾಟೋ ಪ್ವಿಗೆರೋ, ಮತ್ತು ಮೆಡೋಕಿನ ಉತ್ತರ ತುದಿಯಲ್ಲಿ ಬೆಗಾದಾಂ ಊರಿನ ಶಾಟೋ ಲಾ ತೂರ್ ದ ಬೀ. ಮೊದಲನೆಯದು ಮೂರನೇ ದಿನ ಅರಳಿತು. ಎರಡನೆಯದರಲ್ಲಿ ಕ್ಯಾಬರ್ನೆ ಸೊವಿನ್ಯೋನ್ ತಳಿ ಜಾಸ್ತಿ. ಅಂಥ ಬಿಸಿ ವರ್ಷದಲ್ಲೂ ಎಲ್ಲೋ ಒಂದೆಳೆ ದೊಣ್ಣೆಮೆಣಸಿನಕಾಯಿ ಹಸಿರು ಉಳಿದಿತ್ತು, ನನಗದು ತುಂಬ ಹಿಡಿಸಿತು.

ಮಣ್ಣಿನ ಲೆಕ್ಕ 2022ರ ವೈನಿನಲ್ಲಿ ಸ್ಪಷ್ಟವಾಗಿ ಕಂಡಿತು. ಜೇಡಿಮಣ್ಣು, ಅದರಡಿ ಸುಣ್ಣಕಲ್ಲು ಇರುವ ಕಡೆ ನೆಲದಲ್ಲಿ ತೇವ ಉಳಿದಿತ್ತು, ಬಳ್ಳಿ ಬದುಕಿತು. ಕಾಸ್ತಿಯೋನ್, ಫ್ರಾಂ, ಫ್ರೋನ್‌ಸಾಕ್ ಅನ್ನುವ ಮೂರೂ ಸೀಮೆಗಳಲ್ಲಿ ನೇರಳೆ ಒಗರು ಹೆಚ್ಚು ಬಂತು. ಮರಳು ನೆಲದ ಅಗ್ಗದ ಮೆರ್ಲೋಗಳಲ್ಲಿ ಒಣದ್ರಾಕ್ಷಿ. ಬೂರ್ ಸೀಮೆಯ, ಮಾಲ್ಬೆಕ್ ತಳಿ ಬೆರೆತವು ಬಣ್ಣದಲ್ಲಿ ಮಸಿಯಂತೆ ಬಂದು ನನ್ನನ್ನು ಎರಡು ಸಲ ಮೋಸ ಮಾಡಿದವು. ಬಣ್ಣ ಕಂಡರೆ ಅಂಕ ತಾನಾಗಿ ಏರುತ್ತದೆ. ಬೋರ್ಡೋದಲ್ಲೇ 54 ಜನರಿಗೆ ಬಿಳಿ ವೈನಿಗೆ ಕೆಂಪು ಬಣ್ಣ ಹಾಕಿ ಕೊಟ್ಟಾಗ ಅವರು ಕೆಂಪು ವೈನಿನ ಮಾತುಗಳನ್ನೇ ಬರೆದ ಪ್ರಯೋಗವೊಂದಿದೆ, 2001ರಲ್ಲಿ ಪ್ರಕಟವಾದದ್ದು. ಹಾಗಾಗಿ ವೈನಿನ ಬಣ್ಣ ಕಾಣದಂತೆ ನಾಲ್ಕು ಗ್ಲಾಸಿಗೆ ಹೊರಗಿನಿಂದ ಕಪ್ಪು ಬಣ್ಣ ಹೊಡೆದೆ. ಬೂರಿನ ಒಂದು ಬಾಟಲಿ 16ರಿಂದ 13ಕ್ಕೆ ಇಳಿಯಿತು.

2022ರ ಜುಲೈನಲ್ಲಿ ಬೋರ್ಡೋ ಬಳಿ ಲಾಂದಿರಾಸ್ ಮತ್ತು ಲಾ ತೆಸ್ತ್ ಕಡೆ 20,000 ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟಿತ್ತಲ್ಲ, ಹೊಗೆ ವಾಸನೆ ಹಿಡಿದಿದೆಯೇ ಅಂತ ಅಲ್ಲೇ ಹತ್ತಿರದ ಗ್ರಾವ್ ಸೀಮೆಯ ಮೂರು ಬಾಟಲಿಯನ್ನು ಬೇರೆಯಾಗಿ ನೋಡಿದೆ. ನನಗೆ ಸಿಗಲಿಲ್ಲ.

ಊಟದ ಜೊತೆಗಿನ ಪ್ರಯೋಗ ಬೇರೆಯೇ ಬರೆಯುವಷ್ಟಿದೆ. ಕಡುಬು, ಕೋಳಿ ಸಾರಿನ ಜೊತೆ 2022 ಹೊಂದುವುದಿಲ್ಲ. ಖಾರ ಆಲ್ಕೋಹಾಲನ್ನು ಇನ್ನಷ್ಟು ಉರಿಸುತ್ತದೆ. ಅದೇ ಮಾಂಸವನ್ನು ಮೆಣಸಿನಕಾಯಿ ಇಲ್ಲದೆ, ಕಾಳುಮೆಣಸು ಕಡಿಮೆ ಮಾಡಿ, ತುಪ್ಪದಲ್ಲಿ ಹುರಿದರೆ ಒಗರು ಬೆಣ್ಣೆಯಂತೆ ಕರಗುತ್ತದೆ. ಎರಡು ಬಾಟಲಿ ಊರಿಗೂ ಒಯ್ದಿದ್ದೆ, ವಿಮಾನದಲ್ಲಿ ಸುಂಕವಿಲ್ಲದೆ ಎರಡು ಲೀಟರ್ ಬಿಡುತ್ತಾರೆ. ಮೇ ತಿಂಗಳು ಅಟ್ಟದಲ್ಲಿ ಮೂರು ವಾರ ಇಟ್ಟದ್ದಕ್ಕೆ ಒಂದರ ಕಾರ್ಕ್ ಮೇಲೆದ್ದು ಸೋರಿತ್ತು, ಕುಡಿದರೆ ಬೆಂದ ದ್ರಾಕ್ಷಿ. ಒಯ್ಯುವವರು ನೆಲದ ಮಟ್ಟದ ಕತ್ತಲೆ ಕೋಣೆ ಹುಡುಕಿಕೊಳ್ಳಿ.

ಕಾಸ್ತಿಯೋನ್‌ಗೆ ಮೂರು ಸಲ ಕಾರಲ್ಲಿ ಹೋದೆ. ಎರಡನೇ ಸಲ ಹೋದಾಗ ರಸ್ತೆ ಪಕ್ಕ ಕಿತ್ತುಹಾಕಿದ ಬಳ್ಳಿಗಳ ರಾಶಿ. ಹೆಕ್ಟೇರಿಗೆ 6,000 ಯೂರೋ ಕೊಟ್ಟು ಬಳ್ಳಿ ಕೀಳಿಸುವ ಯೋಜನೆ 2023ರಲ್ಲಿ ಬಂತು. ಇಲ್ಲಿ ಸಗಟು ವೈನಿನ ಅಳತೆ ತೊನ್ನೋ, 900 ಲೀಟರ್, 1,200 ಬಾಟಲಿ. ಅದರ ಬೆಲೆ ಸಾವಿರ ಯೂರೋಗಿಂತ ಕೆಳಗೆ ಹೋಗಿ ಬಹಳ ದಿನವಾಯಿತು. ಅಂದರೆ ಒಂದು ಬಾಟಲಿ ತುಂಬುವ ವೈನಿಗೆ ಬೆಳೆದವನ ಕೈಗೆ 83 ಸೆಂಟೂ ಇಲ್ಲ. ಅಡಿಕೆ ದರ ಬಿದ್ದ ವರ್ಷ ಅಪ್ಪಯ್ಯ ಮಂಡಿಯಿಂದ ಮನೆಗೆ ಬಂದು ಊಟ ಮಾಡದೆ ಮಲಗಿದ್ದು ನನಗೆ ನೆನಪಿದೆ. ಆ ರಾಶಿ ದಾಟಿದ ಮೇಲೆ ನಾನು ಯಾವ ತೋಟದ ಬಾಗಿಲಲ್ಲೂ ಚೌಕಾಶಿ ಮಾಡಿಲ್ಲ. ನೇರ ತೋಟದಲ್ಲಿ ಕೊಂಡರೆ ದುಡ್ಡು ಅವರಿಗೇ ಸೇರುತ್ತದೆ, ಬಾಟಲಿಯೂ ಬಿಸಿಲು ಕಂಡಿರುವುದಿಲ್ಲ.

ಅಲ್ಲೇ ಸಿಕ್ಕಿದ್ದು ನನ್ನ ಲಕೋಟೆಯ ಮೊದಲ ಹೆಸರು. ಹತ್ತೂವರೆ ಯೂರೋ. ಮೆರ್ಲೋ ಜೊತೆ ಕ್ಯಾಬರ್ನೆ ಫ್ರಾಂಕ್ ತಳಿ ಮೂರನೇ ಒಂದು ಪಾಲು, ಪೀಪಾಯಿ ಮುಟ್ಟಿಸಿಲ್ಲ, ಸಿಮೆಂಟ್ ತೊಟ್ಟಿ. ತೋಟದ ಹೆಸರು ಈಗ ಹೇಳುವುದಿಲ್ಲ, ನನ್ನ ಇನ್ನೆರಡು ಪೆಟ್ಟಿಗೆ ಬರಬೇಕಿದೆ. ಹಿಂದಿನ ಲೇಬಲ್ ನೋಡಿ ಅರ್ಧಕ್ಕರ್ಧ ಬಾಟಲಿಗಳನ್ನು ಅಂಗಡಿಯಲ್ಲೇ ಬಿಟ್ಟುಬರುವ ಒಂದು ಗುರುತೂ ಇದೆ, ಅದನ್ನು ಕೂಟದವರಿಗೂ ಹೇಳಿಲ್ಲ. ಎಲ್ಲರೂ ನೋಡುವ ಆಲ್ಕೋಹಾಲ್ ಅಂಕಿಯಲ್ಲ ಅನ್ನುವಷ್ಟು ಹೇಳಬಲ್ಲೆ. 15 ಇದ್ದ ಒಂದು ಫ್ರೋನ್‌ಸಾಕ್ ತಣ್ಣಗೆ, ಚೆನ್ನಾಗಿಯೇ ಇತ್ತು.

ಆ ಗುರುವಾರ ಹಿರಿಯರು ತಮ್ಮ ಕಡೆಯಿಂದ 2022ರದೇ ಎರಡು ದೊಡ್ಡ ಹೆಸರಿನ ಬಾಟಲಿ ಸೇರಿಸಿದ್ದರು, ಬೋರ್ಡೋದ ಹೆಸರುವಾಸಿ ತೋಟಗಳಿಗೆ ದರ್ಜೆ ಕೊಟ್ಟ 1855ರ ಪಟ್ಟಿಯವು, ಒಂದು 45 ಯೂರೋ, ಇನ್ನೊಂದು 60ರ ಹತ್ತಿರ. ಏಳರಲ್ಲಿ ನನ್ನ ಕಾಸ್ತಿಯೋನ್ ಮೊದಲು ಬಂತು, 60ರದ್ದು ಎರಡನೆಯದು, ಪ್ವಿಗೆರೋ ಮೂರು. ದೊಡ್ಡವು ಇನ್ನೂ ಮಕ್ಕಳು, ಹತ್ತು ವರ್ಷ ಬಿಟ್ಟು ಕುಡಿದರೆ ಮಾತೇ ಬೇರೆ, ಅದು ನನಗೂ ಗೊತ್ತು. ಹಿರಿಯರು ಅದನ್ನೇ ಹೇಳಿದರು. ಹಾಗಾದರೆ ಉಳಿದದ್ದನ್ನು ಬಾಟಲಿಯಲ್ಲೇ ಹೊರಗಿಡಿ, ಶನಿವಾರ ನೋಡೋಣ ಅಂದೆ. ಶನಿವಾರ ನಾಲ್ಕೇ ಜನ ಬಂದರು. 60ರದ್ದು ಒಂದು ಮೆಟ್ಟಿಲು ಏರಿ ಮೊದಲಾಯಿತು, ನನ್ನದು ಅರ್ಧ ಅಂಕದ ಹಿಂದೆ ಎರಡನೆಯದು. 45ರದ್ದು ಚೊಗರಾಗಿ ಕೆಳಗೆ ಬಿತ್ತು. ಹಿರಿಯರು ಉಗುಳಿ, ಕೈಬೆರಳು ಮಡಚಿ ಎಣಿಸತೊಡಗಿದರು. ಇಪ್ಪತ್ತೆಂಟಕ್ಕೆ ನಿಲ್ಲಿಸಿದರು.

ಈಗ ಅವರ ಫ್ರಿಜ್ಜಿನಲ್ಲೂ ನಾಲ್ಕು ಅರ್ಧ ಸೀಸೆ ಇವೆ. ನಾನು 2023ಕ್ಕೆ ಸಾಕ್ಷಿ ಬಾಟಲಿ ಹುಡುಕುತ್ತಿದ್ದೇನೆ. ಆ ವರ್ಷ ಮೆರ್ಲೋಗೆ ಬೂಜು ರೋಗ ಜೋರಾಗಿ ತಗುಲಿತ್ತು, ಹಾಗಾಗಿ ಸಾಕ್ಷಿ ಮೆಡೋಕ್ ಕಡೆಯಿಂದ ಬರಬೇಕಾದೀತು. ಮೂರು ತಂದಿಟ್ಟಿದ್ದೇನೆ, ಇವತ್ತು ಅವುಗಳ ಎರಡನೇ ದಿನ.