ಕಾಂಡ-ಕುಣಿಕೆ ವೈರಸ್ ಪ್ರತಿರೂಪಣಕ್ಕೆ ಬೇಕೇ? ಬ್ರೋಮ್ ಮೊಸಾಯಿಕ್ ವೈರಸ್‌ನಲ್ಲಿ ಪರೀಕ್ಷಿಸುವ ವಿಧಾನ

ಬ್ರೋಮ್ ಮೊಸಾಯಿಕ್ ವೈರಸ್ ಹುಲ್ಲು ಜಾತಿಯ ಗಿಡಗಳಿಗೆ ತಗಲುವ ವೈರಸ್; ಅದರ ಜೀನೋಮ್ ಮೂರು ಆರ್‌ಎನ್‌ಎಗಳಲ್ಲಿ ಹಂಚಿದೆ. ಮೂರರ 3' ತುದಿಯೂ ಟಿಆರ್‌ಎನ್‌ಎಯಂತೆ (ಅಮೈನೋ ಆಮ್ಲ ಹೊರುವ ಆರ್‌ಎನ್‌ಎಯಂತೆ) ಮಡಚಿಕೊಳ್ಳುತ್ತದೆ. ಅದರಲ್ಲಿ 'ಸಿ' ಎಂಬ ಕಾಂಡ-ಕುಣಿಕೆಯಿದೆ: ಎಳೆಯ ಎರಡು ಬದಿಗಳು ಜೋಡಿಯಾದ ಭಾಗ ಕಾಂಡ, ಅದರ ತುದಿಯಲ್ಲಿ ಜೋಡಿಯಾಗದೆ ಉಳಿದ ಎಯುಎ (ಅಡೆನಿನ್-ಯುರಾಸಿಲ್-ಅಡೆನಿನ್) ಕುಣಿಕೆ. ಅದರ ಮೊದಲ ಅಡೆನಿನ್ ಕಾಂಡಕ್ಕೆ ಬಿಗಿಯಾಗಿ ಕೂತಿದ್ದು, ರೆಪ್ಲಿಕೇಸ್ (ವೈರಸ್ ಆರ್‌ಎನ್‌ಎಯನ್ನು ನಕಲಿಸುವ ಕಿಣ್ವ) ಅದನ್ನು ಗುರುತಿಸಿ, 3' ತುದಿಯ ಕೊನೆಯ ಮೂರು ನ್ಯೂಕ್ಲಿಯೋಟೈಡ್‌ಗಳಾದ ಸಿಸಿಎಯಿಂದ ಋಣ ಎಳೆ (ಮೂಲ ಧನ ಎಳೆಗೆ ಪೂರಕವಾದ ನಕಲು) ಆರಂಭಿಸುತ್ತದೆ.

ಬದಲಾವಣೆಗಳನ್ನು ಆರ್‌ಎನ್‌ಎ3ರಲ್ಲಿ ಮಾತ್ರ ಮಾಡಿ. ರೆಪ್ಲಿಕೇಸ್ ಪ್ರೋಟೀನುಗಳು ಆರ್‌ಎನ್‌ಎ1 ಮತ್ತು 2ರಿಂದ ಬರುವುದರಿಂದ ಅವು ಕೆಡುವುದಿಲ್ಲ. ಮೂರು ರೂಪ ಬೇಕು: ಕಾಂಡದ ಎಡಬದಿ ಬದಲಿಸಿದ್ದು, ಬಲಬದಿ ಬದಲಿಸಿದ್ದು, ಎರಡನ್ನೂ ಬದಲಿಸಿ ಜೋಡಣೆ ಮರಳಿಸಿದ್ದು. ಮೂರನೆಯದು ಚೇತರಿಸಿಕೊಂಡರಷ್ಟೇ ರಚನೆ ಮುಖ್ಯವೆಂದು ಹೇಳಬಹುದು. ಇದನ್ನು ಬಿಟ್ಟ ಪ್ರಯೋಗಕ್ಕೆ ನನ್ನ ದೃಷ್ಟಿಯಲ್ಲಿ ಬೆಲೆಯಿಲ್ಲ.

ಆರ್‌ಎನ್‌ಎಯ ಡಿಎನ್‌ಎ ಪ್ರತಿ ಹೊತ್ತ ಪ್ಲಾಸ್ಮಿಡ್ (ವೃತ್ತಾಕಾರದ ಡಿಎನ್‌ಎ) ಅನ್ನು ಸಿಸಿಎ ತುದಿಗೆ ಸರಿಯಾಗಿ ಕತ್ತರಿಸಿ. ತುದಿಯಲ್ಲಿ ಹೆಚ್ಚುವರಿ ನ್ಯೂಕ್ಲಿಯೋಟೈಡ್ ಉಳಿದರೆ ಆರಂಭವೇ ಕುಗ್ಗುತ್ತದೆ. ಡಿಎನ್‌ಎಯಿಂದ ಆರ್‌ಎನ್‌ಎ ಬರೆಯುವ ಟಿ7 ಪಾಲಿಮರೇಸ್ ಕಿಣ್ವದಿಂದ, 5' ತುದಿಯಲ್ಲಿ ಕ್ಯಾಪ್ (ರಕ್ಷಕ ಟೋಪಿ) ಇರುವ ಪ್ರತಿಲೇಖ (ಆರ್‌ಎನ್‌ಎ ನಕಲು) ತಯಾರಿಸಿ. ರಚನೆ ತನಿಖೆಗೆ ಶೇಪ್ ವಿಧಾನ (ಸಡಿಲವಾಗಿರುವ ನ್ಯೂಕ್ಲಿಯೋಟೈಡ್‌ಗಳಿಗೆ ಅಂಟುವ ರಾಸಾಯನಿಕದಿಂದ ಮಡಿಕೆ ಗುರುತಿಸುವುದು) ಸಾಕು: ಮೊದಲು ಆರ್‌ಎನ್‌ಎಯನ್ನು 95 ಡಿಗ್ರಿ ಸೆಲ್ಸಿಯಸ್‌ನಲ್ಲಿ 2 ನಿಮಿಷ ಕಾಯಿಸಿ, ಮಂಜುಗಡ್ಡೆಯಲ್ಲಿ ತಣಿಸಿ, 10 ಮಿಲಿಮೋಲಾರ್ ಮೆಗ್ನೀಸಿಯಮ್ ಸೇರಿಸಿ ಮಡಚಲು ಬಿಡಿ. ಮೆಗ್ನೀಸಿಯಮ್ ಅನ್ನು ಕಾಯಿಸುವ ಮೊದಲೇ ಹಾಕಿದರೆ ಆರ್‌ಎನ್‌ಎ ತುಂಡಾಗುತ್ತದೆ.

ಬಾರ್ಲಿ ಪ್ರೋಟೋಪ್ಲಾಸ್ಟ್‌ಗಳಿಗೆ (ಕೋಶಭಿತ್ತಿ ತೆಗೆದ ಕೋಶಗಳಿಗೆ) ಮೂರೂ ಆರ್‌ಎನ್‌ಎ ಸೇರಿಸಿ, 24 ಗಂಟೆಯ ನಂತರ ನಾರ್ದರ್ನ್ ಬ್ಲಾಟ್‌ನಲ್ಲಿ (ನಿರ್ದಿಷ್ಟ ಆರ್‌ಎನ್‌ಎ ಪತ್ತೆ ಮಾಡುವ ವಿಧಾನ) ಧನ, ಋಣ ಎಳೆಗಳನ್ನು ಬೇರೆಬೇರೆ ಅಳೆಯಿರಿ. ಆರ್‌ಎನ್‌ಎ2 ಬಿಟ್ಟ ನಿಯಂತ್ರಣ ಕಡ್ಡಾಯ; ಅದರಲ್ಲಿ ರೆಪ್ಲಿಕೇಸ್ ಪೂರ್ಣವಾಗದೆ ಪ್ರತಿರೂಪಣ ನಡೆಯುವುದಿಲ್ಲ. ಹಾಗಾಗಿ ಹಾಕಿದ ಆರ್‌ಎನ್‌ಎಯ ಉಳಿಕೆ ಎಷ್ಟೆಂದು ಅದರಲ್ಲಿ ಕಾಣುತ್ತದೆ.

ದೋಷವಿರುವ ರೂಪ ತಡವಾಗಿ ಚೇತರಿಸಿಕೊಂಡರೆ ನಂಬಬೇಡಿ. ಮೂರರ 3' ತುದಿಗಳೂ ಬಹುತೇಕ ಒಂದೇ ಆದ್ದರಿಂದ ಆರ್‌ಎನ್‌ಎ1 ಅಥವಾ 2ರೊಂದಿಗಿನ ಮರುಸಂಯೋಜನೆ (ಆರ್‌ಎನ್‌ಎಗಳ ನಡುವೆ ತುಂಡುಗಳ ಅದಲುಬದಲು) ದೋಷವನ್ನು ಅಳಿಸಿಬಿಡಬಲ್ಲದು. ಸಂತತಿ ಆರ್‌ಎನ್‌ಎ3ರ ಅನುಕ್ರಮ ಓದಿಯೇ ನಿರ್ಧರಿಸಿ.