ರ‍್ಯಾಮ್ ಕೂತಿದೆಯೇ ನೋಡಿ, ಪರ್ಸ್ ಆಮೇಲೆ ತೆಗೆಯಿರಿ

ಒಂದು ಆಷಾಢದ ಸಂಜೆ ಶಿರಸಿ ಬಳಿಯ ತೋಟದ ಮನೆಯಿಂದ ಸೋದರಳಿಯ ಫೋನ್ ಮಾಡಿದ. "ಮಾವ, ಮದರ್‌ಬೋರ್ಡ್ ಹೋಗಿದೆ. ಹೊಸದು ತರಿಸಲೇ?" ಎಲ್ಲ ಭಾಗಗಳೂ ಕೂರುವ ಆ ಮುಖ್ಯ ಹಲಗೆ ಹೋಗಿದೆ ಎಂದು ಹೇಗೆ ಗೊತ್ತಾಯಿತು ಎಂದರೆ, "ಫ್ಯಾನ್ ತಿರುಗುತ್ತದೆ, ಮಾನಿಟರ್ ಮಾತ್ರ ಕಪ್ಪು" ಎಂದ. ಏನನ್ನೂ ತರಿಸಬೇಡ ಎಂದು ಹೇಳಿ ಭಾನುವಾರ ಕಾರವಾರದಿಂದ ಘಟ್ಟ ಹತ್ತಿದೆ. ಕ್ಯಾಬಿನೆಟ್ ತೆಗೆದು ಟಾರ್ಚ್ ಹಿಡಿದರೆ, ಕಂಪ್ಯೂಟರಿನ ತಾತ್ಕಾಲಿಕ ನೆನಪಿನ ಪಟ್ಟಿಯಾದ ರ‍್ಯಾಮ್‌ನ ಒಂದು ತುದಿ ಕೂದಲೆಳೆಯಷ್ಟು ಮೇಲಿತ್ತು. ಹೆಬ್ಬೆರಳಿಟ್ಟು ಒತ್ತಿದೆ, ಟಕ್ ಎಂದಿತು. ತಂಗಿ ತಂದಿಟ್ಟ ಕಷಾಯ ಆರುವುದರೊಳಗೆ ಕಂಪ್ಯೂಟರ್ ಎದ್ದಿತ್ತು.

ಬಿಡಿಭಾಗ ತರಿಸಿ ಮನೆಯಲ್ಲೇ ಕಂಪ್ಯೂಟರ್ ಜೋಡಿಸುವ ಹುಡುಗರು ಈಗ ಅಂಕೋಲಾ, ಕುಮಟಾ, ಯಲ್ಲಾಪುರದಲ್ಲೂ ಇದ್ದಾರೆ. ಜೋಡಿಸುವುದನ್ನು ವಿಡಿಯೊ ನೋಡಿ ಅಚ್ಚುಕಟ್ಟಾಗಿ ಕಲಿಯುತ್ತಾರೆ. ಏಳದಿದ್ದಾಗ ಮಾತ್ರ ತಾಳ್ಮೆ ಕಳೆದುಕೊಂಡು ಎಲ್ಲವನ್ನೂ ಒಟ್ಟಿಗೆ ಕಿತ್ತು, ಎಲ್ಲವನ್ನೂ ಒಟ್ಟಿಗೆ ಹಾಕುತ್ತಾರೆ. ಹಾಗೆ ಅಕಸ್ಮಾತ್ ಎದ್ದರೂ ತಪ್ಪು ಎಲ್ಲಿತ್ತೆಂದು ತಿಳಿಯುವುದಿಲ್ಲ, ಮುಂದಿನ ವಾರ ಮತ್ತೆ ಮಲಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಮಾಡಿದ್ದನ್ನು ಚೀಟಿಯಲ್ಲಿ ಬರೆದುಕೊಳ್ಳಿ.

ಹಂತ 1: ಹೊರಗಿನ ಕರೆಂಟ್. ಅದೇ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಹಿಂಬದಿಯ ಸ್ವಿಚ್ಚಿನಲ್ಲಿ ಗೆರೆಯ ಗುರುತು ಆನ್, ಸೊನ್ನೆ ಆಫ್. ಕ್ಯಾಬಿನೆಟ್ ಮುಟ್ಟಿದಾಗ ಬೆರಳು ಜುಮ್ ಎನ್ನುತ್ತಿದ್ದರೆ ಅರ್ಥಿಂಗ್ ಇಲ್ಲವೆಂದೇ ತಿಳಿದು ಎಲೆಕ್ಟ್ರಿಷಿಯನ್‌ಗೆ ಹೇಳಿ ಕಳಿಸಿ. ಅದಾಗುವವರೆಗೆ ಒಳಗೆ ಕೈ ಹಾಕಬೇಡಿ.

ಹಂತ 2: ಕೇಬಲ್‌ಗಳು. 24 ಪಿನ್ನಿನ ದೊಡ್ಡ ಕನೆಕ್ಟರನ್ನು ಯಾರೂ ಮರೆಯುವುದಿಲ್ಲ. ಮರೆಯುವುದು ಬೋರ್ಡಿನ ಮೇಲಿನ ಮೂಲೆಯಲ್ಲಿ ಪ್ರೊಸೆಸರಿಗೆ 12 ವೋಲ್ಟ್ ಕೊಡುವ 8 ಪಿನ್ನಿನದನ್ನು. ಅದಿಲ್ಲದಿದ್ದರೆ ಫ್ಯಾನ್ ತಿರುಗಬಹುದು, ಚಿತ್ರವಂತೂ ಬರುವುದಿಲ್ಲ. ಆ ಕೇಬಲ್ 4 ಮತ್ತು 4 ಪಿನ್ನುಗಳಾಗಿ ಸೀಳಿಕೊಳ್ಳುತ್ತದೆ, ಗ್ರಾಫಿಕ್ಸ್ ಕಾರ್ಡಿನದು 6 ಮತ್ತು 2 ಆಗಿ. ಒಂದನ್ನು ಇನ್ನೊಂದರ ಜಾಗಕ್ಕೆ ಬಲವಂತದಿಂದ ತುರುಕಬೇಡಿ. ಬೇರೆ ಕಂಪನಿಯ ಎಸ್‌ಎಂಪಿಎಸ್‌ನ ಕೇಬಲ್ ತಂದು ಹಾಕುವುದಂತೂ ಬೇಡವೇ ಬೇಡ: ತುದಿ ಒಂದೇ ಥರ ಕಂಡರೂ ಒಳಗಿನ ತಂತಿಗಳ ಕ್ರಮ ಬೇರೆ ಇರಬಹುದು, ಹಾರ್ಡ್ ಡಿಸ್ಕ್ ಸುಟ್ಟೇಹೋಗಬಹುದು. ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಮಾನಿಟರ್ ಕೇಬಲ್ ಆ ಕಾರ್ಡಿಗೇ ಹೋಗಬೇಕು, ಮದರ್‌ಬೋರ್ಡಿಗಲ್ಲ. ನಗಬೇಡಿ, ಇದನ್ನು ಇಂಜಿನಿಯರಿಂಗ್ ಓದಿದವರ ಮನೆಯಲ್ಲೂ ಸರಿಮಾಡಿ ಬಂದಿದ್ದೇನೆ.

ಹಂತ 3: ರ‍್ಯಾಮ್. ಇಲ್ಲಿ ಅವಸರ ಬೇಡ, ಏಕೆಂದರೆ ನಮ್ಮ ಕಡೆ ರೋಗ ಬಹಳ ಸಲ ಇಲ್ಲೇ ಇರುತ್ತದೆ. ಕಾರವಾರದಲ್ಲಿ ಕಿಟಕಿ ತೆರೆದರೆ ಉಪ್ಪುಗಾಳಿ, ಘಟ್ಟದ ಮೇಲೆ ನಾಲ್ಕು ತಿಂಗಳು ತೇವ. ಬೀರುವಿನಲ್ಲಿಟ್ಟ ಬಟ್ಟೆಗೂ ಬೂಸ್ಟು ಹಿಡಿಯುವ ಮಳೆಗಾಲ ರ‍್ಯಾಮ್‌ನ ಕಾಲುಗಳನ್ನು ಬಿಟ್ಟೀತೇ?

ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಉಳಿದ ಕರೆಂಟನ್ನು ಹೊರಹಾಕಿ. ಮೈಮೇಲಿನ ಸ್ಥಾಯಿ ವಿದ್ಯುತ್ ಇಳಿಯಲು ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹವನ್ನೊಮ್ಮೆ ಮುಟ್ಟಿ. ರ‍್ಯಾಮ್ ಕ್ಲಿಪ್ ಬಿಡಿಸಿ, ಹಳೆಯ ಫೋಟೊ ಹಿಡಿಯುವಂತೆ ಅಂಚಿನಲ್ಲಷ್ಟೇ ಹಿಡಿದು ಬೆಳಕಿಗೆ ಓರೆಯಾಗಿಸಿ. ಚಿನ್ನದ ಬಣ್ಣದ ಪಟ್ಟಿಗಳು ಫಳಫಳ ಎನ್ನಬೇಕು. ಮಂಕಾಗಿದ್ದರೆ, ಹಬೆ ಕಟ್ಟಿದ ಕನ್ನಡಕದಂತೆ ಪೊರೆ ಕಂಡರೆ, ಮಕ್ಕಳ ಮೆತ್ತನೆಯ ಬಿಳಿ ರಬ್ಬರಿನಿಂದ ಪಟ್ಟಿಯ ಉದ್ದಕ್ಕೆ ಎರಡು ಮೂರು ಸಲ ಹಗುರವಾಗಿ ಎಳೆಯಿರಿ. ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಹಾಕಿ ಉಜ್ಜುವ ಉತ್ಸಾಹ ಇಲ್ಲಿ ಸಲ್ಲದು, ಚಿನ್ನದ ಲೇಪ ಬಲು ತೆಳು. ಶಾಯಿ ಅಳಿಸುವ ಒರಟು ನೀಲಿ ರಬ್ಬರ್ ಬೇಡ. ಪುಡಿಯನ್ನು ಬ್ರಷ್‌ನಿಂದ ಝಾಡಿಸಿ, 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ, ಪೂರ್ತಿ ಆರಲು ಬಿಡಿ. ಕೋವಿಡ್ ಕಾಲದ ಸ್ಯಾನಿಟೈಸರ್ ಮನೆಯಲ್ಲಿ ಉಳಿದಿದೆ ಎಂದು ಅದನ್ನು ಬಳಸಬೇಡಿ. ಅದರಲ್ಲಿ ನೀರೂ ಇದೆ, ಜಿಡ್ಡು ಬಿಡುವ ಗ್ಲಿಸರಿನ್ನೂ ಇರುತ್ತದೆ. ಸ್ಲಾಟಿನ ಧೂಳಿಗೆ ಕ್ಯಾಮೆರಾದವರ ರಬ್ಬರ್ ಬ್ಲೋವರ್ ಒಳ್ಳೆಯದು. ಬಾಯಿಂದ ಊದಿದರೆ ಧೂಳಿನ ಜೊತೆ ಎಂಜಲಿನ ಹನಿಯೂ ಸೇರುತ್ತದೆ.

ಈಗ ಕೂರಿಸುವುದು. ಸ್ಲಾಟಿನ ಕ್ಲಿಪ್‌ಗಳನ್ನು ಪೂರ್ತಿ ಹೊರಕ್ಕೆ ಬಾಗಿಸಿ, ರ‍್ಯಾಮ್‌ನ ಕಚ್ಚನ್ನು ಸ್ಲಾಟಿನ ಉಬ್ಬಿಗೆ ಹೊಂದಿಸಿ, ಎರಡೂ ತುದಿಗೆ ಹೆಬ್ಬೆರಳಿಟ್ಟು ನೇರ ಕೆಳಕ್ಕೆ ಒತ್ತಿ. ಎಲ್ಲರೂ ಹೆದರಿ ಕೈಬಿಡುವುದು ಇದೇ ಘಳಿಗೆಯಲ್ಲಿ, ಏಕೆಂದರೆ ಬೋರ್ಡ್ ತುಸು ಬಾಗುತ್ತದೆ, ಮುರಿಯಿತೇನೋ ಎನಿಸುತ್ತದೆ. ಕಚ್ಚು ಸರಿಯಾಗಿ ಹೊಂದಿದ್ದರೆ ಒತ್ತುವುದನ್ನು ನಿಲ್ಲಿಸಬೇಡಿ. ಟಕ್ ಎಂದು ಕ್ಲಿಪ್ ತಾನಾಗಿ ಮೇಲೆದ್ದು ಹಿಡಿದುಕೊಳ್ಳಬೇಕು. ನೀವೇ ಕ್ಲಿಪ್ಪನ್ನು ಮೇಲಕ್ಕೆತ್ತಿ ಮುಚ್ಚಿದರೆ ಅದು ಲೆಕ್ಕಕ್ಕಿಲ್ಲ. ಕೆಲವು ಬೋರ್ಡ್‌ಗಳಲ್ಲಿ ಒಂದೇ ಕಡೆ ಕ್ಲಿಪ್ ಇರುತ್ತದೆ. ಅಲ್ಲಿ ಇನ್ನೊಂದು ತುದಿ ಕೂತಿಲ್ಲದ್ದು ಕಣ್ಣಿಗೆ ಸುಲಭಕ್ಕೆ ಬೀಳುವುದಿಲ್ಲ. ಅಳಿಯನ ಮನೆಯಲ್ಲಿ ಆದದ್ದು ಅದೇ.

ಮೊದಲು ಒಂದೇ ರ‍್ಯಾಮ್ ಹಾಕಿ. ನಾಲ್ಕು ಸ್ಲಾಟಿನ ಹೆಚ್ಚಿನ ಬೋರ್ಡ್‌ಗಳಲ್ಲಿ ಪ್ರೊಸೆಸರಿನಿಂದ ಎಣಿಸಿದರೆ ಎರಡನೆಯದು ಸರಿಯಾದ ಜಾಗ. ಎರಡು ರ‍್ಯಾಮ್ ಆದರೆ ಎರಡು ಮತ್ತು ನಾಲ್ಕು. ಏಳದಿದ್ದರೆ ಅದೇ ಸ್ಲಾಟಿಗೆ ಇನ್ನೊಂದು ರ‍್ಯಾಮ್, ಆಮೇಲೆ ಬೇರೆ ಸ್ಲಾಟ್. ಡಿಡಿಆರ್5 ಎಂಬ ಹೊಸ ತಲೆಮಾರಿನ ರ‍್ಯಾಮ್ ಹಾಕಿದ ಹೊಸ ಯಂತ್ರ ಮೊದಲ ಸಲ ಕಪ್ಪು ಪರದೆಯಲ್ಲೇ ಕೆಲವು ನಿಮಿಷ ರ‍್ಯಾಮ್ ಜೊತೆ ಪಳಗುತ್ತಾ ಇರುತ್ತದೆ. ಅರ್ಧ ನಿಮಿಷಕ್ಕೆ ಬಟನ್ ಒತ್ತಿ ಆರಿಸಿದರೆ ಮತ್ತೆ ಮೊದಲಿನಿಂದ. ನಾನು ಹತ್ತು ನಿಮಿಷ ಬಿಟ್ಟು ಎದ್ದುಹೋಗುತ್ತೇನೆ.

ಹಂತ 4: ಸಿಮಾಸ್ ಸೆಲ್. ಬೋರ್ಡಿನ ಸೆಟ್ಟಿಂಗ್ ಮರೆಯದಂತೆ ಕಾಯುವುದು ಇದು, ತೆಗೆದು ಹಾಕಿದರೆ ತಪ್ಪು ಸೆಟ್ಟಿಂಗ್ ಅಳಿಸಿ ಮೊದಲಿನಂತಾಗುತ್ತದೆ. ರೂಪಾಯಿ ನಾಣ್ಯದಂಥ ಸಿಆರ್2032 ಸೆಲ್ಲನ್ನು ಪ್ಲಗ್ ಕಿತ್ತ ಮೇಲೆ ಐದು ನಿಮಿಷ ಹೊರಗಿಟ್ಟು ಮತ್ತೆ ಹಾಕಿ. ಹೊಸ ಸೆಲ್ 3 ವೋಲ್ಟಿನದು, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ.

ಇಷ್ಟರಲ್ಲಿ ಬೋರ್ಡಿನ ಅಂಚನ್ನು ನೋಡಿದಿರಾ? ಅನೇಕ ಹೊಸ ಬೋರ್ಡ್‌ಗಳಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಬರೆದ ನಾಲ್ಕು ಚಿಕ್ಕ ದೀಪಗಳಿರುತ್ತವೆ, ಕ್ರಮವಾಗಿ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಡಿಸ್ಕಿಗೆ ಸೇರಿದವು. ಯಾವುದು ಆರದೆ ನಿಂತಿದೆಯೋ ತನಿಖೆ ಅಲ್ಲಿಂದ. ದೀಪ ಇಲ್ಲದ ಬೋರ್ಡಿಗೆ ಬೀಪ್ ಸದ್ದಿನಿಂದ ತಪ್ಪು ಎಲ್ಲಿದೆ ಎಂದು ಸೂಚಿಸುವ ಬೀಪ್ ಸ್ಪೀಕರ್ ಸಿಕ್ಕಿಸಿಕೊಳ್ಳಿ. ಅಗ್ಗದ ವಸ್ತು, ಬಣ್ಣಬಣ್ಣದ ಫ್ಯಾನಿಗಿಂತ ಉಪಯೋಗಿ.

ಹಂತ 5: ಹೊರಗೆ ತೆಗೆದು ನೋಡುವುದು. ಬೋರ್ಡನ್ನು ಕ್ಯಾಬಿನೆಟ್‌ನಿಂದ ಬಿಚ್ಚಿ ಅದು ಬಂದ ರಟ್ಟಿನ ಡಬ್ಬಿಯ ಮೇಲಿಡಿ. ಬೂದು ಬಣ್ಣದ ಸ್ಥಾಯಿ ವಿದ್ಯುತ್ ನಿರೋಧಕ ಚೀಲದ ಮೇಲೆ ಬೇಡ, ಅದರ ಹೊರಮೈ ವಿದ್ಯುತ್ತನ್ನು ಹರಿಯಬಿಡಬಹುದು. ಪ್ರೊಸೆಸರ್, ಅದರ ಫ್ಯಾನ್, ಒಂದು ರ‍್ಯಾಮ್, ಎಸ್‌ಎಂಪಿಎಸ್ ಮಾತ್ರ ಇರಲಿ. ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇಲ್ಲದಿದ್ದರೆ ಕಾರ್ಡೂ ಬೇಕು. ಪವರ್ ಸ್ವಿಚ್ ಎಂದು ಗುರುತಿರುವ ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರ್ ತುದಿಯನ್ನು ಒಂದು ಕ್ಷಣ ತಾಗಿಸಿ. ಹೊರಗೆ ಎದ್ದಿತು, ಒಳಗೆ ಏಳುವುದಿಲ್ಲ ಎಂದಾದರೆ ಕ್ಯಾಬಿನೆಟ್ ಬಟನ್ ಕೆಟ್ಟಿದೆ, ಇಲ್ಲವೇ ಬೋರ್ಡನ್ನು ಕ್ಯಾಬಿನೆಟ್ಟಿಗೆ ತಾಗದಂತೆ ಎತ್ತಿ ಹಿಡಿಯುವ ಹಿತ್ತಾಳೆಯ ಗೂಟವೊಂದು ಬೋರ್ಡಿನಲ್ಲಿ ರಂಧ್ರವಿಲ್ಲದ ಕಡೆ ಉಳಿದುಬಿಟ್ಟು ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಆಗುತ್ತಿದೆ. ಹೊರಗೂ ಫ್ಯಾನ್ ಅಲುಗದಿದ್ದರೆ ಅನುಮಾನ ಮೊದಲು ಎಸ್‌ಎಂಪಿಎಸ್ ಮೇಲೆ. ಗೆಳೆಯರದನ್ನು ಅದರದೇ ಕೇಬಲ್‌ಗಳ ಸಮೇತ ಎರವಲು ತಂದು ಹಾಕಿ ನೋಡಿ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ, 500 ವ್ಯಾಟ್ ಎಂದು ಬರೆದಿದ್ದರೂ ಎತ್ತಿದರೆ ಖಾಲಿ ಡಬ್ಬಿಯಂತಿರುವ ಎಸ್‌ಎಂಪಿಎಸ್ ನಿಮ್ಮದಾದರೆ ಎರವಲು ತರುವ ಮೊದಲೇ ನನ್ನ ತೀರ್ಪು ಸಿದ್ಧ. ಅದನ್ನು ಬಿಚ್ಚಲು ಮಾತ್ರ ಹೋಗಬೇಡಿ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು.

ತೇವ ಹಿಡಿದಿದೆ ಎಂದು ಬೋರ್ಡನ್ನು ಹಲಸಿನ ಹಪ್ಪಳದಂತೆ ಬಚ್ಚಲ ಒಲೆಯ ಪಕ್ಕ ಒಣಗಿಸಿದವರೊಬ್ಬರನ್ನು ನಾನು ಬಲ್ಲೆ. ಬೋರ್ಡ್ ಒಣಗಿತು, ಜೊತೆಗೆ ಹೊಗೆಯ ಜಿಡ್ಡೂ ಮೆತ್ತಿತು. ಫ್ಯಾನ್ ಗಾಳಿಗೆ ಒಂದು ದಿನ ಇಟ್ಟರೆ ಸಾಕಿತ್ತು.

ಇಷ್ಟಾದರೂ ಏಳದಿದ್ದರೆ ಅಂಗಡಿಗೆ ಒಯ್ಯಿರಿ, ಪ್ರೊಸೆಸರ್ ಕೀಳುವ ಸಾಹಸ ಅವರಿಗೇ ಇರಲಿ. ಬಿಲ್ಲು, ಬರೆದಿಟ್ಟ ಚೀಟಿ ಜೊತೆಗಿರಲಿ. ಬಸ್ಸಿನಲ್ಲಿ ಹೋಗುವುದಾದರೆ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಬೇರೆ ಡಬ್ಬಿಯಲ್ಲಿಡಿ. ದೇವಿಮನೆ ಘಟ್ಟದ ತಿರುವುಗಳಲ್ಲಿ ಅದರ ಭಾರಕ್ಕೆ ಸ್ಲಾಟೇ ಕಿತ್ತು ಬಂದೀತು.